ಓದು ಹೈದರಾಬಾದಿನಲ್ಲಿ, ಜೀವ ಜಮಖಂಡಿಯಲ್ಲಿ

ಸಿಕಂದರಾಬಾದ್

ಮೊದಲ ಸಲ ಹೈದರಾಬಾದಿಗೆ ಹೊರಟಾಗ ನನ್ನ ಚೀಲದಲ್ಲಿ ಇದ್ದದ್ದು ಮಡಿಚಿಟ್ಟ ಒಂದು ಸೀರೆ, ಬುತ್ತಿ ಮತ್ತು ಸಂದರ್ಶನಕ್ಕೆ ಕರೆದ ಕಾಗದ. ಪಿಎಚ್.ಡಿ.ಗೆ ಅರ್ಜಿ ಹಾಕಿದ್ದೆ. ಆಯ್ಕೆಯಾಗುತ್ತೇನೆ ಎಂಬ ನಂಬಿಕೆ ನನಗೂ ಇರಲಿಲ್ಲ, ಮನೆಯವರಿಗೂ ಇರಲಿಲ್ಲ. ಆ ಊರು ಆಗ ಆಂಧ್ರಪ್ರದೇಶದ ರಾಜಧಾನಿ. ನಮ್ಮ ಜಮಖಂಡಿಯವರ ಮಾತಿನಲ್ಲಿ ಪರದೇಶವೇ ಸರಿ. ಸೊಲ್ಲಾಪುರದಲ್ಲಿ ಗಾಡಿ ಹತ್ತಿ, ವಾಡಿ ದಾಟಿ, ತಾಂಡೂರು ಬರುವಷ್ಟರಲ್ಲಿ ಡಬ್ಬಿಯೊಳಗಿನ ಮಾತು ಪೂರ್ತಿ ಬದಲಾಗಿತ್ತು. ಎದುರಿಗೆ ಕುಳಿತ ಹೆಂಗಸು ನನ್ನನ್ನು ಏನೋ ಕೇಳಿದಳು. ತಿಳಿಯದೆ ನಕ್ಕೆ. ಅವಳೂ ನಕ್ಕು ಅರ್ಧ ಸೀತಾಫಲ ಕೊಟ್ಟಳು. ಪಾಸ್‌ಪೋರ್ಟ್ ಯಾರೂ ಕೇಳಲಿಲ್ಲ ಅನ್ನುವುದನ್ನು ಬಿಟ್ಟರೆ ಅದು ವಿದೇಶ ಪ್ರವಾಸವೇ ಆಗಿತ್ತು.

ನಾನು ಊರಿನ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಮನೆಯಲ್ಲಿ ಒಂದು ಮಾತು, ಪುಸ್ತಕದಲ್ಲಿ ಇನ್ನೊಂದು ಮಾತು ಇರುವ ಮಕ್ಕಳು ಓದುವುದನ್ನು ಹೇಗೆ ಕಲಿಯುತ್ತವೆ ಎಂಬುದು ನನ್ನ ಬಹುದಿನದ ಕುತೂಹಲ. ಅದನ್ನು ಬಲ್ಲ ಪ್ರಾಧ್ಯಾಪಕರೊಬ್ಬರು ಹೈದರಾಬಾದಿನ ವಿಶ್ವವಿದ್ಯಾಲಯದಲ್ಲಿ ಇದ್ದಾರೆಂದು ಕೇಳಿ ಅರ್ಜಿ ತರಿಸಿದವರು ನನ್ನ ಯಜಮಾನರು. ಬಸವರಾಜ ಎಂದು ಅವರ ಹೆಸರು, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರು. “ಕಳಿಸಿ ನೋಡು. ಕರದರ ಹೋಗು, ಕರೀಲಿಲ್ಲಂದ್ರ ಬಿಡು,” ಎಂದಿದ್ದರು. ಕರೆದರು. ಹೋದೆ.

ಕಚೇರಿಯ ಬಾಗಿಲಲ್ಲಿ ಕುಳಿತಿದ್ದ ಗುಮಾಸ್ತರು ತಲೆ ಎತ್ತಿ, “ಚೆಪ್ಪಂಡಿ ಅಮ್ಮಾ,” ಎಂದರು. ನಾನು ನನ್ನ ಕಾಲು ನೋಡಿಕೊಂಡೆ. ಇಲ್ಲಿಯೂ ಗುಡಿಯ ಹಾಗೆ ನಿಯಮವಿರಬೇಕು ಅಂದುಕೊಂಡು ಹೊರಗೆ ಹೋಗಿ ಚಪ್ಪಲಿ ಬಿಟ್ಟು ಬಂದೆ. ಅವರು ಮತ್ತೆ “ಚೆಪ್ಪಂಡಿ” ಎಂದರು. “ಬಿಟ್ಟು ಬಂದೀನ್ರಿ,” ಎಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ತೆಲುಗಿನಲ್ಲಿ ‘ಹೇಳಿ’ ಅನ್ನುವುದಕ್ಕೆ ಹಾಗೆನ್ನುತ್ತಾರೆಂದು ನನಗೆ ಆಗ ಗೊತ್ತಿರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ನನ್ನ ಹೆಸರು ಕೂಗಿದರು. ಬರಿಗಾಲಲ್ಲೇ ಒಳಗೆ ಹೋದೆ.

ಮೇಜಿನ ಆಚೆ ಮೂವರು ಕುಳಿತಿದ್ದರು. ನಡುವೆ ಇದ್ದವರೇ ಪ್ರೊಫೆಸರ್ ಸತ್ಯವತಿ. ಬಿಳಿಗೂದಲು, ದಪ್ಪ ಕನ್ನಡಕ, ಗಟ್ಟಿ ಗಂಜಿ ಹಾಕಿದ ಸೀರೆ. ಅವರು ನನ್ನ ಕಾಲು ನೋಡಿ, ಚಪ್ಪಲಿ ಎಲ್ಲಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಡೆದದ್ದನ್ನು ಹೇಳಿದೆ. ಪಕ್ಕದ ಇಬ್ಬರು ಜೋರಾಗಿ ನಕ್ಕರು. ಸತ್ಯವತಿ ಮೇಡಂ ನಗಲಿಲ್ಲ.

“ಒಂದನೇ ತರಗತಿಯಲ್ಲಿ ಕೂತ ಮಗುವಿಗೆ ದಿನಕ್ಕೆ ಎಷ್ಟು ಸಲ ಹೀಗಾಗುತ್ತಿರಬಹುದು?” ಎಂದು ಕೇಳಿದರು.

ನಾನು ಹೇಳಲು ಶುರು ಮಾಡಿದೆ. ಎಷ್ಟು ಹೊತ್ತು ಮಾತಾಡಿದೆನೋ ತಿಳಿಯದು. ಸಾಕು ಎಂದು ಅವರೇ ಕೈ ಎತ್ತಿದ ಮೇಲೆ ನಿಲ್ಲಿಸಿದೆ. ಸೀಟು ಸಿಕ್ಕಿತು.

ಬಟ್ಟೆಬರೆ ತರಲು ಊರಿಗೆ ಹೋದೆ. ಮಗಳು ಪಲ್ಲವಿ ಆಗಿನ್ನೂ ಬಾಲವಾಡಿಗೆ ಹೋಗುತ್ತಿದ್ದಳು. ಬಸ್ಸಿನ ಕಿಟಕಿಯ ಕೆಳಗೆ ಅಪ್ಪನ ಹೆಗಲ ಮೇಲೆ ಕುಳಿತು, “ನೀ ನಾಳೆ ಬರ್ತಿ?” ಎಂದು ಕೇಳಿದಳು. ಪಕ್ಕದಲ್ಲಿದ್ದ ಅತ್ತೆ, “ಬರ್ತಾಳ, ಬರ್ತಾಳ. ಟಾಟಾ ಮಾಡು,” ಎಂದರು.

ಪಟಾನ್‌ಚೆರು ಬಸ್ಸಿನಲ್ಲಿ

ಸಿಕಂದರಾಬಾದ್ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ನನಗೆ ಒಂದು ಕೋಣೆ ಸಿಕ್ಕಿತು. ಮನೆ ಲೀಲಾಬಾಯಿಯವರದು. ಭಾಲ್ಕಿ ಕಡೆಯಿಂದ ಮದುವೆಯಾಗಿ ಬಂದವರು. ಅವರ ಯಜಮಾನರು ರೈಲ್ವೆ ಕಚೇರಿಯಲ್ಲಿದ್ದು ನಿವೃತ್ತರಾಗಿದ್ದರು. ದೊಡ್ಡ ಮಕ್ಕಳಿಬ್ಬರು ನೌಕರಿ ಮಾಡುತ್ತ ಅದೇ ಮನೆಯಲ್ಲಿದ್ದರು. ಮೊದಲ ವಾರ ಲೀಲಾಬಾಯಿ ನನಗೆ “ಚಾ ಕುಡೀರಿ, ಟೀಚರ್” ಎನ್ನುತ್ತಿದ್ದರು. ಎರಡನೇ ವಾರ “ನಾ ರೊಟ್ಟಿ ಬಡಿಯಾಕತ್ತೀನಿ, ಬಾ ಇಲ್ಲೆ ಕೂಡು” ಎಂದರು. ಆಮೇಲೆ ಒಂದು ದಿನ ನನ್ನ ತಲೆಯ ಹೇನು ನೋಡಲಿಕ್ಕೂ ಕುಳಿತರು. ಬಸ್ಸಿನಲ್ಲಿ ಹತ್ತಿಕೊಂಡಿದ್ದವು.

ಆ ಬಸ್ಸಿನ ಕಥೆಯೇ ಬೇರೆ. ಪಟಾನ್‌ಚೆರು ಹತ್ತಿರ ಒಂದು ಸಣ್ಣ ಕನ್ನಡ ಶಾಲೆ ನಡೆಯುತ್ತಿತ್ತು. ಸರಕಾರಿ ಕಾರ್ಖಾನೆಗಳ ಕಾಲೊನಿಯ ಕನ್ನಡಿಗರು ಸೇರಿ ಕಟ್ಟಿದ್ದು. ತಗಡಿನ ಮಾಡು, ಅಂಗಳದಲ್ಲಿ ಒಂದು ಬೇವಿನ ಮರ. ನನ್ನ ಅಧ್ಯಯನಕ್ಕೆ ಮೇಡಂ ಅದನ್ನೇ ಗೊತ್ತುಮಾಡಿದರು. ಸಿಕಂದರಾಬಾದಿನಿಂದ ಬಸ್ಸು ಬೆಳಿಗ್ಗೆ ತುಂಬಿಕೊಂಡೇ ಬರುತ್ತಿತ್ತು. ಔಷಧ ಕಾರ್ಖಾನೆಗಳಿಗೆ ಹೋಗುವ ಗಂಡಸರು ಟಿಫಿನ್ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ನಿಂತಲ್ಲೇ ನಿದ್ದೆ ಮಾಡುತ್ತಿದ್ದರು. ಕಂಡಕ್ಟರು ನಿಲ್ದಾಣದ ಹೆಸರು ಕೂಗುತ್ತಿರಲಿಲ್ಲ. ಗಾಳಿಯಲ್ಲಿ ಒಂದು ಬಗೆಯ ಕಹಿ ವಾಸನೆ ಮೂಗಿಗೆ ಬಡಿಯುತ್ತಿದ್ದಂತೆ ಎಲ್ಲರೂ ಒಟ್ಟಿಗೆ ಕಣ್ಣು ಬಿಡುತ್ತಿದ್ದರು. ಇಳಿಯುವ ಜಾಗ ಬಂತು ಎಂದು ತಿಳಿಯಬೇಕು.

ನಮ್ಮ ಕಡೆ ಬಸ್ಸಿನಲ್ಲಿ ಪಕ್ಕದವರು ನಿಮ್ಮ ಊರು, ನಿಮ್ಮವರು, ಮಕ್ಕಳೆಷ್ಟು ಎಂದು ಕೇಳದೆ ಬಿಡುವುದಿಲ್ಲ. ಇಲ್ಲಿಯೂ ಬಿಡುವುದಿಲ್ಲ, ಆದರೆ ಮೊದಲ ಪ್ರಶ್ನೆ ಬೇರೆ. “ಮೀ ಇಲ್ಲು ಎಕ್ಕಡಮ್ಮಾ?” ಎನ್ನುತ್ತಾರೆ. ತೆಲುಗಿನಲ್ಲಿ ಇಲ್ಲು ಅಂದರೆ ಮನೆ. ಬಹಳ ದಿನ ಆ ಮಾತು ನನ್ನ ಕಿವಿಗೆ ‘ಇಲ್ಲ’ ಎಂದೇ ಬೀಳುತ್ತಿತ್ತು. ಮನೆ ಎಲ್ಲಿ ಎಂದರೆ ಸಿಕಂದರಾಬಾದ್ ಎಂದು ಹೇಳಲು ನಾಲಗೆ ಏಳುತ್ತಿರಲಿಲ್ಲ. ಜಮಖಂಡಿ ಎಂದರೆ ಅವರಿಗೆ ತಿಳಿಯುತ್ತಿರಲಿಲ್ಲ.

ಶಾಲೆಯಲ್ಲಿ ನನ್ನ ಕೆಲಸ ಒಂದನೇ ತರಗತಿಯ ಮೂಲೆಯಲ್ಲಿ ಕುಳಿತು ಮಕ್ಕಳು ಆಡುವ ಮಾತು ಕೇಳುವುದು. ಮಕ್ಕಳು ಮನೆಯಲ್ಲಿ ಬೀದರ, ಗುಲಬರ್ಗಾ ಕಡೆಯ ಕನ್ನಡ, ಅಂಗಡಿಯಲ್ಲಿ ಹಿಂದಿ, ಬೀದಿಯಲ್ಲಿ ತೆಲುಗು ಆಡುತ್ತಿದ್ದವು. ಪುಸ್ತಕದಲ್ಲಿ ಮಾತ್ರ ಯಾರ ಮನೆಯಲ್ಲೂ ಇಲ್ಲದ ಕನ್ನಡ. ಭಾಗ್ಯಾ ಎಂಬ ಹುಡುಗಿ ಇದ್ದಳು. ಅವಳ ಅಪ್ಪ ಒಂದು ಕಾರ್ಖಾನೆಯಲ್ಲಿ ಪೀಪಾಯಿ ತುಂಬುವ ಕೆಲಸಕ್ಕಿದ್ದ. ಒಂದು ದಿನ ಅವಳು ಎದ್ದು ನಿಂತು, ಪುಸ್ತಕದ ಮೇಲೆ ಬೆರಳಿಟ್ಟು, “ಗಿಡದ ಮ್ಯಾಲ ಹಕ್ಕಿ ಐತಿ,” ಎಂದು ಓದಿದಳು. ಅಲ್ಲಿ ಅಚ್ಚಾಗಿದ್ದದ್ದು ‘ಮರದ ಮೇಲೆ ಹಕ್ಕಿ ಇದೆ’ ಎಂದು. ಟೀಚರ್ ತಿದ್ದಿದರು. ಭಾಗ್ಯಾ ಮತ್ತೊಮ್ಮೆ ನೋಡಿ, ಇನ್ನೂ ಗಟ್ಟಿಯಾಗಿ ಹಾಗೆಯೇ ಓದಿದಳು. ಅಂದು ಸಂಜೆ ಮೇಡಂ ಮುಂದೆ ಇದನ್ನು ಹೇಳಿದಾಗ ಅವರು ಕುರ್ಚಿಯಿಂದ ಎದ್ದೇ ಬಿಟ್ಟರು. “ಆ ಮಗು ಅಕ್ಷರ ಕೂಡಿಸುತ್ತಿಲ್ಲ, ಅರ್ಥ ಓದುತ್ತಿದೆ. ಇಡೀ ವರ್ಷ ಅವಳನ್ನು ಬಿಡಬೇಡ,” ಎಂದರು.

ಬಿಡಲಿಲ್ಲ. ಬೇರೆಯವರ ಮಕ್ಕಳಿಗೆ ಯಾವ ದಿನ ಯಾವ ಅಕ್ಷರ ಬಂತು, ಯಾರ ಮುಂದಿನ ಹಲ್ಲು ಬಿದ್ದು ‘ಸ’ ಹೇಳಲು ಬರುತ್ತಿಲ್ಲ ಎಲ್ಲ ನನಗೆ ಗೊತ್ತಿತ್ತು. ಭಾಗ್ಯಾ ಶಾಲೆ ಸೇರಿದ ಅದೇ ಜೂನ್‌ನಲ್ಲಿ ಜಮಖಂಡಿಯಲ್ಲಿ ಪಲ್ಲವಿಯನ್ನೂ ಒಂದನೇ ತರಗತಿಗೆ ಹಾಕಿದ್ದರು.

ಭಾನುವಾರ

ಭಾನುವಾರ ಬೆಳಿಗ್ಗೆ ಸ್ಟೇಷನ್ ಎದುರಿನ ಎಸ್‌ಟಿಡಿ ಬೂತಿನಲ್ಲಿ ಸಾಲು. ನನ್ನ ಹಿಂದೆ ಮುಂದೆ ನಿಂತವರೆಲ್ಲ ನನ್ನಂಥವರೇ: ಕಂಟೋನ್ಮೆಂಟಿನ ಸೈನಿಕರು, ಒಡಿಶಾದ ಹುಡುಗರು, ಕೇರಳದ ನರ್ಸುಗಳು. ಗಾಜಿನ ಬಾಗಿಲ ಹಿಂದೆ ಎಲ್ಲರೂ ಕೂಗಿ ಮಾತಾಡುತ್ತಿದ್ದರು. ಭಾಷೆ ತಿಳಿಯದಿದ್ದರೂ ಊಟ ಆಯಿತೇ ಎಂದು ಕೇಳುತ್ತಿದ್ದಾರೆ ಅನ್ನುವುದು ತಿಳಿಯುತ್ತಿತ್ತು.

ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ. ಪಕ್ಕದ ಔಷಧಿ ಅಂಗಡಿಗೆ ಮಾಡಿದರೆ ಯಾರಾದರೂ ಹೋಗಿ ಕರೆಯುತ್ತಿದ್ದರು. ಯಜಮಾನರು ಬರುತ್ತಿದ್ದರು, ಆಮೇಲೆ ಪಲ್ಲವಿಯ ಕೈಗೆ ಕೊಡುತ್ತಿದ್ದರು. ಮೊದಮೊದಲು ಅವಳು ಒಂದೇ ಉಸಿರಿನಲ್ಲಿ ಎಲ್ಲ ಹೇಳುತ್ತಿದ್ದಳು: ಬೆಕ್ಕು ಮರಿ ಹಾಕಿದ್ದು, ಅಜ್ಜಿ ಜಾರಿ ಬಿದ್ದದ್ದು. ಬರುಬರುತ್ತ ಮಾತು ಸಣ್ಣದಾಯಿತು.

“ಊಟಾ ಮಾಡಿದಿ?”

“ಹ್ಞೂಂ.”

“ಸಾಲ್ಯಾಗ ಏನ ಕಲಿಸಿದ್ರು?”

“ಕಲಿಸ್ಯಾರ.”

ಬಿಲ್ಲು ತೋರಿಸುವ ಮೀಟರಿನ ಕೆಂಪು ಅಂಕಿಗಳು ಓಡುತ್ತಿದ್ದವು. ನಾನು ಅವಳ ಉಸಿರಾಟ ಕೇಳುತ್ತ ನಿಲ್ಲುತ್ತಿದ್ದೆ. ಹಿಂದಿನವರು ಗಾಜು ಬಡಿಯುವವರೆಗೂ ನಿಲ್ಲುತ್ತಿದ್ದೆ.

ಊರಿಗೆ ಹೋಗುತ್ತಿರಲಿಲ್ಲ ಎಂದಲ್ಲ. ದಸರೆಗೆ, ಉಗಾದಿಗೆ ಹೋಗಿ ಎರಡು ಮೂರು ದಿನ ಇದ್ದು ಬರುತ್ತಿದ್ದೆ. ಆದರೆ ಶಾಲೆಯ ಕೆಲಸ ಶುರುವಾದ ಮೇಲೆ ಅದೂ ಕಡಿಮೆಯಾಯಿತು. ಎರಡನೆಯ ಬೇಸಿಗೆಯಲ್ಲಿ ಬಸವರಾಜರೇ ಪಲ್ಲವಿಯನ್ನು ಕರೆದುಕೊಂಡು ಹೈದರಾಬಾದಿಗೆ ಬಂದರು.

ಮಣಿಕೊಂಡ

ಸ್ಟೇಷನ್ನಿನಲ್ಲಿ ಇಳಿದವಳು ಉದ್ದವಾಗಿದ್ದಳು. ನಾನು ಹೊಲಿಸಿಟ್ಟಿದ್ದ ಲಂಗ ಮೊಣಕಾಲಿಗೆ ಬಂತು. ಅಪ್ಪನ ಬೆನ್ನ ಹಿಂದೆ ನಿಂತು ನಕ್ಕಳು. ಮನೆಯಲ್ಲಿ ಲೀಲಾಬಾಯಿ ಕೊಟ್ಟದ್ದನ್ನೆಲ್ಲ ತಿಂದಳು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ನನ್ನನ್ನು ಮಾತ್ರ ಯಾವ ಹೆಸರಿನಿಂದಲೂ ಕರೆಯಲಿಲ್ಲ. ಹೊಸ ಜಾಗದ ನಾಚಿಕೆ ಅಂದುಕೊಂಡೆ.

ಸತ್ಯವತಿ ಮೇಡಂ ಮಣಿಕೊಂಡದಲ್ಲಿ ಮನೆ ಕಟ್ಟಿಸುತ್ತಿದ್ದರು. ನನ್ನ ಮಗಳು ಬಂದಿದ್ದಾಳೆಂದು ಕೇಳಿ ಭಾನುವಾರ ಊಟಕ್ಕೆ ಅಲ್ಲಿಗೇ ಕರೆದರು. ಈಗ ಅಲ್ಲಿ ಏನೇನು ಎದ್ದಿದೆಯೋ. ಆಗ ಅದು ಬಂಡೆಗಳ ಊರು. ನಮ್ಮ ಬಾದಾಮಿಯ ಬಂಡೆ ಕೆಂಪಗೆ ಗೋಡೆಯ ಹಾಗೆ ನಿಲ್ಲುತ್ತದೆ. ಇಲ್ಲಿಯವು ಬೂದು ಬಣ್ಣದವು, ದುಂಡಗೆ, ಯಾರೋ ಒಂದರ ಮೇಲೊಂದು ಇಟ್ಟು ಮರೆತು ಹೋದ ಹಾಗೆ. ಅರ್ಧ ಎದ್ದ ಗೋಡೆಗಳ ನೆರಳಿನಲ್ಲಿ ಚಾಪೆ ಹಾಸಿ, ಮೇಡಂ ಪುಳಿಹೊರ ಎಂಬ ಹುಳಿಯನ್ನ ಬಡಿಸಿದರು. ತೆಲುಗಿನವರು ಬಡಿಸುವಾಗ ಸಾಕು ಎಂದರೆ ಇನ್ನೊಂದು ಸಲ ಹಾಕುತ್ತಾರೆ. ಅದರಲ್ಲಿ ನಮಗೂ ಅವರಿಗೂ ಫರಕಿಲ್ಲ.

ಊಟವಾದ ಮೇಲೆ ಪಲ್ಲವಿ ಒಂದು ಬಂಡೆ ಹತ್ತಿದಳು. ನಾನೂ ಹಿಂದೆ ಹೋದೆ. ಸೀರೆಯಲ್ಲಿ ಹತ್ತಲಾಗದೆ ನಡುವೆ ನಿಂತೆ. ಅವಳು ಮೇಲಿನಿಂದ ಬಗ್ಗಿ ಕೈ ಚಾಚಿದಳು.

“ಬರ್ರಿ, ಮ್ಯಾಲ ಬರ್ರಿ. ಹುಷಾರ್, ಜಾರತೈತಿ ನೋಡ್ರಿ,” ಎಂದಳು.

ನನ್ನ ಹಿಂದೆ ಯಾರೋ ಬಂದರೆಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಪ್ಪನಿಗೆ, ಮಾಸ್ತರರಿಗೆ, ಬಂದ ಬೀಗರಿಗೆ ‘ಬರ್ರಿ’ ಎನ್ನುತ್ತೇವೆ. ಅವ್ವನಿಗೆ ‘ಬಾ’ ಎನ್ನುತ್ತೇವೆ. ನನ್ನ ಅವ್ವ ಸಾಯುವವರೆಗೂ ನಾನು ಅವಳಿಗೆ ‘ನೀ’ ಎಂದೇ ಅಂದಿದ್ದೆ. ಯಾವ ಮಗು ಯಾರಿಗೆ ಏನೆಂದು ಕರೆಯುತ್ತದೆ ಎಂದು ಕೇಳಿಸಿಕೊಳ್ಳುವುದೇ ಆಗ ನನ್ನ ದಿನನಿತ್ಯದ ಕೆಲಸ. ಬೇರೆ ಯಾವ ಮಗುವೇ ಆಗಿದ್ದರೂ ಕೇಳಿದ ತಕ್ಷಣ ಅದರ ಅರ್ಥ ಹೇಳಿಬಿಡುತ್ತಿದ್ದೆ. ಆಗ ಅವಳ ಕೈ ಹಿಡಿದುಕೊಂಡು ಮೇಲೆ ಹತ್ತಿದೆ, ಅಷ್ಟೇ. ಅವಳು ನನ್ನನ್ನು ಜೋಪಾನವಾಗಿ ಕೂರಿಸಿ, ಸೆರಗಿಗೆ ಹತ್ತಿದ ಮಣ್ಣು ಕೊಡವಿದಳು.

ಸಂಜೆ ಬಸವರಾಜರನ್ನು ಕೇಳಿದೆ.

“ಪರಊರಿಂದ ಬಂದವರಿಗೆ ಬರ್ರಿ, ಕೂಡ್ರಿ ಅನಬೇಕಂತ ನಮ್ಮವ್ವ ಕಲಿಸ್ಯಾಳ,” ಎಂದರು. “ನೀ ಬರ್ತಿ, ಎರಡ ದಿನ ಇರ್ತಿ, ಹೋಗ್ತಿ. ಹುಡುಗಿ ಲೆಕ್ಕದಾಗ…” ಎಂದು ಅಲ್ಲಿಗೇ ನಿಲ್ಲಿಸಿದರು.

“ನೀವ್ಯಾಕ ತಿದ್ದಲಿಲ್ಲ?”

“ಏನಂತ ತಿದ್ದಲಿ? ಅವ್ವಗ ಮರ್ಯಾದಿ ಕೊಡಬ್ಯಾಡ ಅಂತನ?”

ಮತ್ತೆ ಸಿಕಂದರಾಬಾದ್

ಅವರು ಊರಿಗೆ ಹೋದ ಮೇಲೆ ನಾನು ಮೇಡಂ ಹತ್ತಿರ ಹೋಗಿ, ಓದು ಬಿಟ್ಟುಬಿಡುತ್ತೇನೆ ಎಂದೆ. ಅವರು ಬೈಯಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ.

“ಈ ಮಕ್ಕಳು ಎರಡನೇ ತರಗತಿಯಲ್ಲಿ ಹೇಗೆ ಓದುತ್ತಾರೆ ಎಂದು ನೋಡದೆ ನಿನ್ನ ಪ್ರಬಂಧ ಮುಗಿಯುವುದಿಲ್ಲ. ಬಿಡುವುದಾದರೆ ಬಿಡು, ನನಗೆ ಬೇಸರವಾಗುತ್ತದೆ, ಸಿಟ್ಟಿಲ್ಲ. ಅರ್ಧಕ್ಕೆ ನಿಲ್ಲಿಸಿದ ಪ್ರಬಂಧಕ್ಕೆ ಸಹಿ ಹಾಕಿ ಕೊಡಿ ಎಂದು ಮಾತ್ರ ಕೇಳಬೇಡ,” ಎಂದರು.

ಮನೆಗೆ ಬಂದು ಟ್ರಂಕು ಎಳೆದೆ. ಲೀಲಾಬಾಯಿ ಅಡಿಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದು ಟ್ರಂಕಿನ ಮೇಲೆ ಕುಳಿತರು.

“ಏನಾತು ಹೇಳಿ ಹೋಗು,” ಎಂದರು.

ಹೇಳಿದೆ. ಅವರು ಕೈಯ ಹಿಟ್ಟು ಉಜ್ಜಿಕೊಂಡರು.

“ನನ್ನ ಮಕ್ಕಳು ನನ್ನ ಕೂಡ ಕನ್ನಡಾನ ಮಾತಾಡ್ತಾರ, ಕೇಳೀದಿ ಅಲ್ಲ?” ಎಂದರು. “ಅವ್ವಾ ಊಟಾ ಕೊಡು, ಅವ್ವಾ ಬರ್ತೀನಿ. ಆದ್ರ ಜಗಳ ಆಡೂದು ತೆಲುಗಿನಾಗ. ತಮ್ಮತಮ್ಮೊಳಗ ಸಿಟ್ಟ ಮಾಡ್ಕೊಂಡ್ರೂ ತೆಲುಗ, ನನ್ನ ಮ್ಯಾಲ ಸಿಟ್ಟ ಬಂದ್ರೂ ತೆಲುಗ. ನನಗ ಅರ್ಧ ತಿಳೀತೈತಿ, ಅರ್ಧ ತಿಳಿಯಂಗಿಲ್ಲ. ನಾ ಎಲ್ಲೂ ಹೋಗಿಲ್ಲ, ತಂಗಿ. ಇದ ಮನ್ಯಾಗ ಇದ್ದೀನಿ, ಇದ ಒಲಿ ಮುಂದ.”

ಹಾಗೆಂದು ಟ್ರಂಕಿನ ಮೇಲಿಂದ ಎದ್ದರು. “ಈಗ ಹೋದ್ರ ಕಳದ ವರ್ಷ ತಿರುಗಿ ಬರ್ತಾವೇನು? ಓದೂ ಹೋಗತೈತಿ. ಫಿಕರ್ ಮಾಡಬ್ಯಾಡ, ಉಣ್ಣು ಬಾ,” ಎಂದರು.

ಟ್ರಂಕನ್ನು ಮಂಚದ ಕೆಳಗೆ ತಳ್ಳಿದೆ. ಅಂದಿನಿಂದ ತಿಂಗಳಿಗೊಮ್ಮೆ ತಪ್ಪದೆ ಸೊಲ್ಲಾಪುರದ ಗಾಡಿ ಹತ್ತಿದೆ. ಅಲ್ಲಿಂದ ವಿಜಾಪುರ, ಅಲ್ಲಿಂದ ಜಮಖಂಡಿ. ಬಾಗಿಲಲ್ಲೇ ಪಲ್ಲವಿ ಒಂದು ತಂಬಿಗೆ ನೀರು ಹಿಡಿದು, “ಯಾವಾಗ ಬಿಟ್ಟಿದ್ರಿ?” ಎಂದು ಕೇಳುತ್ತಿದ್ದಳು. ಭಾನುವಾರ ಮಧ್ಯಾಹ್ನ “ಯಾವಾಗ ಹೊಂಟ್ರಿ?” ಎಂದು ಕೇಳುತ್ತಿದ್ದಳು. ಅತ್ತೆಗೆ ಹೆಮ್ಮೆ; ಹುಡುಗಿ ಎಷ್ಟು ನಯವಾಗಿ ಮಾತಾಡುತ್ತಾಳೆ ಎಂದು ಅಕ್ಕಪಕ್ಕದವರೂ ಹೊಗಳುತ್ತಿದ್ದರು.

ವೈವಾ

ಪ್ರಬಂಧ ಬರೆದು ಮುಗಿಸುವಷ್ಟರಲ್ಲಿ ಪಲ್ಲವಿ ಮೂರನೇ ತರಗತಿಗೆ ಬಂದಿದ್ದಳು. ಒಪ್ಪಿಸಿದ ಮೇಲೆ ವೈವಾ ಎಂಬ ಮೌಖಿಕ ಪರೀಕ್ಷೆಯ ದಿನ ಗೊತ್ತಾಗಲು ಕಾದದ್ದೇ ಒಂದು ದೊಡ್ಡ ಕಾಲ. ಕೊನೆಗೆ ದಿನ ಗೊತ್ತಾಯಿತು. ಬಸವರಾಜರು ಅಮೀನಗಡದ ಕರದಂಟಿನ ಡಬ್ಬಿಗಳನ್ನು ಹೊತ್ತು ಮಗಳನ್ನೂ ಕರೆತಂದರು.

ಹೊರಗಿನಿಂದ ಬಂದ ಪರೀಕ್ಷಕರು ಮೆತ್ತನೆಯ ಮಾತಿನವರು, ಕಠಿಣ ಪ್ರಶ್ನೆಯವರು. ಒಂದು ಪ್ರಶ್ನೆಗೆ ಗೊತ್ತಿಲ್ಲ ಎಂದೆ. ಅವರು ತಲೆಯಾಡಿಸಿ ಮುಂದಿನದಕ್ಕೆ ಹೋದರು. ಪಲ್ಲವಿ ಹಿಂದಿನ ಬೆಂಚಿನಲ್ಲಿ ಅಪ್ಪನ ಪಕ್ಕ ನೆಟ್ಟಗೆ ಕುಳಿತಿದ್ದಳು, ಶಾಲಾ ತಪಾಸಣೆಗೆ ಬಂದವರ ಮುಂದೆ ಕೂರುವ ಹಾಗೆ. ಮುಗಿದ ಮೇಲೆ ಮೇಡಂ ನನ್ನ ಕೈ ಕುಲುಕಿ ‘ಡಾಕ್ಟರ್’ ಎಂದರು, ಆಮೇಲೆ ಕನ್ನಡಕ ತೆಗೆದು ಒರೆಸತೊಡಗಿದರು.

ಮರುದಿನ ಕರದಂಟು ಹಂಚಲು ಮೂವರೂ ಪಟಾನ್‌ಚೆರು ಶಾಲೆಗೆ ಹೋದೆವು. ನಾನು ಗೇಟು ದಾಟುವ ಮುಂಚೆಯೇ ಮಕ್ಕಳು ಓಡಿಬಂದವು. ಅವಕ್ಕೆ ನಾನು ಟೀಚರಲ್ಲ. ಮೂಲೆಯಲ್ಲಿ ಕೂತು ಮಾತು ಕೇಳುವ, ಎಂದೂ ಬೈಯದ ಒಂದು ದೊಡ್ಡ ಜೀವ.

“ಎಲ್ಲಿ ಹೋಗಿದ್ದಿ ನೀ?” ಎಂದು ಒಬ್ಬಳು. “ನನಗ ಎರಡ ಕೊಡು,” ಎಂದು ಇನ್ನೊಬ್ಬಳು. ಭಾಗ್ಯಾ ಯಾರಿಗೂ ಬಿಟ್ಟುಕೊಡದೆ ನನ್ನ ಕೈ ಹಿಡಿದು, “ನೀ ಊರಿಗೆ ಹೋಗಬ್ಯಾಡ. ನಮ್ಮ ಮನ್ಯಾಗ ಇರು,” ಎಂದಳು. ಪಲ್ಲವಿ ಗೇಟಿನ ಬಳಿಯೇ ನಿಂತಿದ್ದಳು. ಕರೆದರೂ ಬರಲಿಲ್ಲ.

ವಾಪಸು ಬಸ್ಸಿನಲ್ಲಿ ಜನ ಕಡಿಮೆ ಇದ್ದರು. ನಾವು ಮೂವರೂ ಒಂದೇ ಸೀಟಿನಲ್ಲಿ ಕುಳಿತೆವು. ಸ್ವಲ್ಪ ದೂರ ಹೋದ ಮೇಲೆ ಪಲ್ಲವಿ ನನ್ನಿಂದ ತೋಳು ಎಳೆದುಕೊಂಡಳು. ನೋಡಿದರೆ ಮುಖ ಕೆಂಪಗಾಗಿದೆ.

“ಆಕಿ ಯಾಕ ನಿನ್ನ ಕೈ ಹಿಡೀತಾಳ?” ಎಂದು ಕಿರುಚಿದಳು. “ಹಿಡದ್ರ ನೀ ಯಾಕ ಬಿಡಿಸ್ಕೊಳ್ಳಲಿಲ್ಲ? ಅವರ ಸಾಲಿಗೆ ದಿನಾ ಹೋಗ್ತಿದ್ದಿ. ನನ್ನ ಸಾಲಿಗೆ ಒಂದ ದಿನಾನೂ ಬಂದಿಲ್ಲ ನೀ! ಒಂದ ದಿನಾನೂ!”

ಬಸ್ಸಿನವರೆಲ್ಲ ತಿರುಗಿದರು. ಅವಳು ನನ್ನ ತೋಳಿಗೆ ಹೊಡೆಯತೊಡಗಿದಳು. ಬಸವರಾಜರು ಅವಳ ಕೈ ಹಿಡಿಯಲು ಹೋಗಿ, “ದೊಡ್ಡವರಿಗೆ ಹಂಗ ಅನಬಾರದು, ಪಲ್ಲು,” ಎಂದರು.

“ಅನ್ನಲಿ ಬಿಡ್ರಿ. ತಡೀಬ್ಯಾಡ್ರಿ,” ಎಂದೆ.

ಮುಂದಿನ ಸೀಟಿನ ಮುದುಕಿ ತಿರುಗಿ, “ಪಾಪ ಎಂದುಕು ಏಡುಸ್ತುಂದಮ್ಮಾ?” ಎಂದು ಕೇಳಿದಳು. ಮಗು ಯಾಕೆ ಅಳುತ್ತಿದೆ ಎಂದು. ಅಷ್ಟು ಹೊತ್ತಿಗೆ ನಾನೂ ಅಳುತ್ತಿದ್ದೆ. ಯಾರ ಬಗ್ಗೆ ಕೇಳುತ್ತಿದ್ದೀಯ ತಾಯಿ ಎಂದು ತೆಲುಗಿನಲ್ಲಿ ಕೇಳುವಷ್ಟು ಮಾತು ನನಗೆ ಬರುತ್ತಿತ್ತು, ಕೇಳದೆ ಸೆರಗಿನಿಂದ ಮುಖ ಒರೆಸಿಕೊಂಡೆ.

ಸೊಲ್ಲಾಪುರದ ಗಾಡಿ

ಲೀಲಾಬಾಯಿ ಸ್ಟೇಷನ್ನಿಗೆ ಬಂದು ರೊಟ್ಟಿ, ಶೇಂಗಾಹಿಂಡಿ ಕಟ್ಟಿ ಕೊಟ್ಟರು. “ಬರ್ತಾ ಇರು” ಎಂದು ನನ್ನ ಗಲ್ಲ ಹಿಡಿದರು. ಗಾಡಿ ಬಿಟ್ಟ ಮೇಲೆ ಬೇಗಂಪೇಟೆ, ಲಿಂಗಂಪಲ್ಲಿ ಒಂದೊಂದಾಗಿ ಹಿಂದೆ ಬಿದ್ದವು. ಜಮಖಂಡಿಯ ಧ್ಯಾನದಲ್ಲೇ ಕಳೆದ ಊರು ಅದು. ಅಂದು ಕಿಟಕಿಯಿಂದ ನೋಡಿದಾಗ, ಆ ಕಹಿ ವಾಸನೆಯ ಬಸ್ಸನ್ನೂ ಇನ್ನು ಮುಂದೆ ನೆನೆಯುತ್ತೇನೆ ಎಂದು ಗೊತ್ತಾಯಿತು.

ಪ್ರವಾಸ ಮುಗಿಸಿ ಬಂದವರು ಕಂಡದ್ದನ್ನು ಹೇಳುವುದು, ಮನೆಯಲ್ಲಿದ್ದವರು ಕೇಳುವುದು ರೂಢಿ. ನಾನು ಪಲ್ಲವಿಗೆ ಹುಸೇನ್ ಸಾಗರದ ಬಗ್ಗೆ ಹೇಳಲು ಹೊರಟೆ. ಅವಳು ಕೇಳುವ ಮನಸ್ಸಿನಲ್ಲಿ ಇರಲಿಲ್ಲ. ಹಾಗಾಗಿ ನಾನೇ ಕೇಳಿದೆ.

“ಸಾಲ್ಯಾಗ ಒಂದನೇತ್ತಾ ಸೇರಿದ ದಿನ ಯಾರ ಕರಕೊಂಡ ಹೋಗಿದ್ರು?”

“ಅಜ್ಜಿ,” ಎಂದಳು, ಕಿಟಕಿಯ ಕಡೆ ತಿರುಗಿಯೇ.

“ಅವತ್ತ ನೀ ಅತ್ತಿ ಏನು?”

“ನಾ ಅಳಲಿಲ್ಲ. ಅಜ್ಜಿ ಅತ್ತಳು.” ಕಿಟಕಿಯ ಸರಳು ಉಜ್ಜುತ್ತ, “ಆಮ್ಯಾಲ ನಾನೂ ಅತ್ತೆ,” ಎಂದಳು.

“ಪಕ್ಕದಾಗ ಯಾರ ಕೂತಿದ್ರು? ನಿನ್ನ ಗೆಳತಿ ಸುಮಾ?”

“ಅಲ್ಲ! ಸುಮಾ ಎರಡನೇತ್ತಾ ಬಂದ್ಮ್ಯಾಲ ಬಂದಾಕಿ. ನಿನಗ ಏನೂ ಗೊತ್ತಿಲ್ಲ.”

“ಇಲ್ಲ, ಗೊತ್ತಿಲ್ಲ,” ಎಂದೆ. “ಹೇಳು.”

ಅವಳು ನನ್ನತ್ತ ತಿರುಗಿ, ಕಾಲು ಮಡಚಿ ಕುಳಿತಳು. ಹೊರಗೆ ತಾಂಡೂರಿನ ಕಲ್ಲುಗಣಿಗಳು ಹೋಗುತ್ತಿದ್ದವು. ನಾನು ಎಂದೂ ಕಾಲಿಡದ ಒಂದು ಊರಿನ ಕಥೆಯನ್ನು, ಅಲ್ಲಿನ ಜನ ಯಾರು, ಮಳೆ ಬಂದರೆ ಎಲ್ಲಿ ಕೂರುತ್ತಾರೆ, ಪಾಠ ಹೇಳುವ ಯಾವ ಟೀಚರಿಗೆ ಸಿಟ್ಟು ಜಾಸ್ತಿ ಎಂಬುದನ್ನೆಲ್ಲ ಮೊದಲಿನಿಂದ ಹೇಳತೊಡಗಿದಳು. ನಾನು ನಡುವೆ ಬಾಯಿ ಹಾಕದೆ ಕೇಳಿದೆ. ವಾಡಿ ಬಂದು ಹೋಯಿತು. ಅವಳು ಇನ್ನೂ ಒಂದನೇ ತರಗತಿಯಲ್ಲೇ ಇದ್ದಳು.